ಮೆದುಳಿನ ಅಪಧಮನಿ ಹಿಗ್ಗಿದಾಗ: ಕಾಯುವುದೇ, ಔಷಧವೇ, ಶಸ್ತ್ರಚಿಕಿತ್ಸೆಯೇ?

ತಲೆಸುತ್ತಿಗೋ ತಲೆನೋವಿಗೋ ಮಾಡಿಸಿದ ಎಂಆರ್‌ಐ ವರದಿಯ ಕೊನೆಯಲ್ಲಿ ‘ಬೇಸಿಲಾರ್ ಅಪಧಮನಿ (ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ) ಹಿಗ್ಗಿದೆ, ಅಂಕುಡೊಂಕಾಗಿದೆ’ ಎಂಬ ಸಾಲು ಕಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದಕ್ಕೆ ಯಾವ ಚಿಕಿತ್ಸೆ ಒಳ್ಳೆಯದು ಎಂದು. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ಅದಕ್ಕೂ ಮುಂಚೆ ಇನ್ನೊಂದು ವಿಷಯ ಇತ್ಯರ್ಥವಾಗಬೇಕು: ಈ ನಾಳದಿಂದ ಯಾವ ಹಾನಿ ಆಗಬಹುದೆಂದು ನಾವು ಹೆದರುತ್ತಿದ್ದೇವೆ? ಹಿಗ್ಗಿದ ಅಪಧಮನಿ ಮೂರು ರೀತಿಯಲ್ಲಿ ತೊಂದರೆ ಕೊಡುತ್ತದೆ. ಅದು ಒಡೆದು ರಕ್ತಸ್ರಾವ ಆಗಬಹುದು. ಅದರೊಳಗೆ ರಕ್ತ ಹೆಪ್ಪುಗಟ್ಟಿ ಮುಂದಿನ ಸಣ್ಣ ಕವಲುಗಳು ಮುಚ್ಚಿಹೋಗಬಹುದು. ಅಥವಾ ಪಕ್ಕದಲ್ಲಿರುವ ನರವನ್ನೋ, ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡವನ್ನೋ ಅದು ಒತ್ತಬಹುದು. ಒಡೆದ ನಾಳ ಇರುವವರಿಗೆ ಆಸ್ಪಿರಿನ್ ಕೊಟ್ಟರೆ ಅಪಾಯ ಹೆಚ್ಚುತ್ತದೆ, ಹೆಪ್ಪುಗಟ್ಟುವ ಭಯ ಇರುವವರಿಗೆ ಅದೇ ಮಾತ್ರೆ ಆಸರೆಯಾಗುತ್ತದೆ, ನರ ಒತ್ತಿಕೊಂಡು ಮುಖ ನೋಯುತ್ತಿರುವವರಿಗೆ ಆ ನೋವಿನ ಮಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ಕ್ಲಿಪ್, ಕಾಯಿಲ್, ಸ್ಟೆಂಟ್, ಮಾತ್ರೆ ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಯಾವ ಬಗೆಯ ಹಿಗ್ಗುವಿಕೆ, ಯಾವ ಬಗೆಯ ಹಾನಿ ಎಂಬುದು ಗೊತ್ತಾದ ಮೇಲೆ ಉಳಿಯುವ ಆಯ್ಕೆಗಳು ಎರಡೋ ಮೂರೋ ಮಾತ್ರ. ಹೋಲಿಕೆ ನಡೆಯಬೇಕಾದದ್ದು ಅವುಗಳ ನಡುವೆ.

ಎರಡು ಬಗೆಯ ಹಿಗ್ಗುವಿಕೆ

ಮೊದಲನೆಯದು ಚೀಲದಾಕಾರದ ಅನ್ಯೂರಿಸಂ. ಸೈಕಲ್ ಟ್ಯೂಬಿನ ಒಂದು ಪಕ್ಕ ಮಾತ್ರ ಸವೆದು ಅಲ್ಲಿ ಗುಳ್ಳೆ ಎದ್ದ ಹಾಗೆ, ನಾಳ ಕವಲೊಡೆಯುವ ಜಾಗದಲ್ಲಿ ಗೋಡೆ ದುರ್ಬಲವಾಗಿ ಹೊರಗೆ ಉಬ್ಬುತ್ತದೆ. ಈ ಉಬ್ಬಿಗೆ ಒಂದು ಕುತ್ತಿಗೆ, ಒಂದು ತಲೆ ಇರುತ್ತವೆ; ಆಚೀಚಿನ ನಾಳ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇದು ಇರುತ್ತದೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ಅದು ಜೀವನಪರ್ಯಂತ ಗೊತ್ತಾಗುವುದೇ ಇಲ್ಲ. ಹೆಂಗಸರಲ್ಲಿ, ಧೂಮಪಾನ ಮಾಡುವವರಲ್ಲಿ, ರಕ್ತದೊತ್ತಡ ಇರುವವರಲ್ಲಿ, ಮೂತ್ರಪಿಂಡದಲ್ಲಿ ಅನೇಕ ನೀರುಗುಳ್ಳೆಗಳಾಗುವ ಆನುವಂಶಿಕ ಕಾಯಿಲೆ ಇರುವವರಲ್ಲಿ ಹೆಚ್ಚು ಕಾಣಿಸುತ್ತದೆ.

ಎರಡನೆಯದರಲ್ಲಿ ಉಬ್ಬು ಒಂದು ಪಕ್ಕಕ್ಕೆ ಸೀಮಿತವಾಗಿರುವುದಿಲ್ಲ. ನಾಳವೇ ಸುತ್ತಲೂ ಅಗಲವಾಗಿ, ಉದ್ದವಾಗಿ, ತನಗಿದ್ದ ಜಾಗ ಸಾಲದೆ ಡೊಂಕಾಗಿ ಹರಿಯುತ್ತದೆ. ಇದನ್ನು ವೈದ್ಯರು ಡೋಲಿಕೋಎಕ್ಟೇಸಿಯಾ ಎನ್ನುತ್ತಾರೆ. ಇದು ಹೆಚ್ಚಾಗಿ ಕಾಣುವುದು ತಲೆಯ ಹಿಂಭಾಗದ ರಕ್ತಪೂರೈಕೆಯಲ್ಲಿ, ಅಂದರೆ ಕುತ್ತಿಗೆಯ ಮೂಳೆಗಳ ನಡುವಿನಿಂದ ಮೇಲೇರುವ ಎರಡು ವರ್ಟೆಬ್ರಲ್ ಅಪಧಮನಿಗಳಲ್ಲಿ ಮತ್ತು ಅವೆರಡೂ ಕೂಡಿ ಆಗುವ ಬೇಸಿಲಾರ್ ಅಪಧಮನಿಯಲ್ಲಿ. ನಾಳದ ಗೋಡೆಯ ಒಳಪದರದ ಸ್ಥಿತಿಸ್ಥಾಪಕ ಹಾಳೆ ಬಿರುಕುಬಿಟ್ಟು, ಅದರಾಚೆಯ ಸ್ನಾಯುಪದರ ತೆಳ್ಳಗಾದಾಗ, ವರ್ಷಗಟ್ಟಲೆ ಬಡಿಯುವ ರಕ್ತದೊತ್ತಡಕ್ಕೆ ಗೋಡೆ ಸೋತು ಹಿಗ್ಗುತ್ತಾ ಹೋಗುತ್ತದೆ. ಇದರಲ್ಲಿ ಗಂಡಸರ ಸಂಖ್ಯೆ ಹೆಚ್ಚು, ವಯಸ್ಸೂ ಹೆಚ್ಚು, ಹೆಚ್ಚಿನವರಿಗೆ ಹಳೆಯ ರಕ್ತದೊತ್ತಡ ಇರುತ್ತದೆ. ಕೆಲವರಲ್ಲಿ ಹೊಟ್ಟೆಯ ಮಹಾಪಧಮನಿಯೂ ಹೃದಯದ ಅಪಧಮನಿಗಳೂ ಹೀಗೆಯೇ ಹಿಗ್ಗಿರುತ್ತವೆ. ದೋಷ ಮೆದುಳಿನ ನಾಳಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದು ಸೂಚನೆ.

ಇವೆರಡರ ನಡುವೆ ಕದಿರಿನಾಕಾರದ ಅನ್ಯೂರಿಸಂ ಎಂಬ ಇನ್ನೊಂದು ರೂಪವಿದೆ: ನಾಳದ ಒಂದು ತುಂಡು ಮಾತ್ರ ಸುತ್ತಲೂ ಉಬ್ಬಿ, ಮೇಲೂ ಕೆಳಗೂ ಸಪೂರವಾಗುತ್ತದೆ. ಉದ್ದಕ್ಕೂ ಹಿಗ್ಗಿದ ನಾಳದ ಮೇಲೆಯೇ ಇಂಥ ಉಬ್ಬು ಎದ್ದರೆ ಅದನ್ನು ಮಿಶ್ರ ರೂಪವೆಂದು ಪರಿಗಣಿಸುತ್ತಾರೆ. ಈ ವಿಂಗಡಣೆ ಪುಸ್ತಕದ ಪಾಂಡಿತ್ಯಕ್ಕಾಗಿ ಮಾಡಿದ್ದಲ್ಲ. ಚೀಲದಾಕಾರವಲ್ಲದ ಹಿಗ್ಗುವಿಕೆಗಳನ್ನು ವರ್ಷಗಳ ಕಾಲ ಗಮನಿಸಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಡೆಯುವ ಸಾಧ್ಯತೆ ಒಟ್ಟಾರೆ ವರ್ಷಕ್ಕೆ ನೂರರಲ್ಲಿ 0.9 ಇದ್ದರೆ, ಕದಿರಿನಾಕಾರದ ಮತ್ತು ಮಿಶ್ರ ರೂಪದವರಲ್ಲಿ 2.3 ಇತ್ತು. ವರದಿಯಲ್ಲಿ ಬರಿಯ ‘ಹಿಗ್ಗಿದೆ’ ಎಂದಿದ್ದರೆ, ಯಾವ ಆಕಾರದಲ್ಲಿ ಹಿಗ್ಗಿದೆ ಎಂದು ಬರೆದುಕೊಡಲು ಕೇಳುವುದು ಅದಕ್ಕೇ.

ಅಳತೆ ಮತ್ತು ಸ್ಕ್ಯಾನ್

ಬೇಸಿಲಾರ್ ಅಪಧಮನಿಯ ಸಹಜ ಅಗಲ ಸುಮಾರು 3ರಿಂದ 4 ಮಿ.ಮೀ. 1986ರಿಂದ ಬಳಕೆಯಲ್ಲಿರುವ ಮಾನದಂಡದಲ್ಲಿ ಅಗಲ 4.5 ಮಿ.ಮೀ. ದಾಟಿದರೆ ಹಿಗ್ಗಿದೆ ಎಂದು ಲೆಕ್ಕ. ಅದರ ಜತೆಗೆ ಇನ್ನೆರಡು ಸಂಗತಿಗಳನ್ನು ನೋಡುತ್ತಾರೆ: ನಾಳ ಎರಡಾಗಿ ಕವಲೊಡೆಯುವ ತುದಿ ಎಷ್ಟು ಮೇಲಕ್ಕೆ ಹೋಗಿದೆ, ಮತ್ತು ನಾಳ ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿದಿದೆ. ಅಗಲ ಸ್ವಲ್ಪವೇ ಹೆಚ್ಚಿದ್ದು, ಮೇಲಕ್ಕೂ ಪಕ್ಕಕ್ಕೂ ಹೆಚ್ಚು ಸರಿಯದೆ, ಯಾವ ಲಕ್ಷಣವೂ ಇಲ್ಲದಿದ್ದರೆ ಗಾಬರಿಗೆ ಕಾರಣ ಕಡಿಮೆ. ವಯಸ್ಸಾದವರ ಸ್ಕ್ಯಾನ್‌ಗಳಲ್ಲಿ ಇಂಥ ಸಾಲುಗಳು ಅಪರೂಪವಲ್ಲ. ಓದಿದವರ ನಿದ್ದೆಗೆಡಿಸುವ ಮಟ್ಟಿಗೆ ಅವು ಸಾಮಾನ್ಯವಾಗಿ ಕಾಯಿಲೆಯನ್ನು ಸೂಚಿಸುವುದಿಲ್ಲ.

ಸ್ಕ್ಯಾನ್‌ಗಳಲ್ಲಿಯೂ ಆಯ್ಕೆ ಇದೆ. ಸಿಟಿ ಆಂಜಿಯೋಗ್ರಾಂ ಬೇಗ ಆಗುತ್ತದೆ, ನಾಳದ ಒಳಗಿನ ದಾರಿಯನ್ನೂ ಗೋಡೆಯಲ್ಲಿ ಕೂತ ಸುಣ್ಣವನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ವಿಕಿರಣವೂ ಅಯೋಡಿನ್ ಇರುವ ಬಣ್ಣದ್ರವವೂ ಬೇಕು, ಮೂತ್ರಪಿಂಡ ಸೋತವರಲ್ಲಿ ಅದು ಯೋಚಿಸಬೇಕಾದ ವಿಷಯ. ಎಂಆರ್ ಆಂಜಿಯೋಗ್ರಾಂ ವಿಕಿರಣವಿಲ್ಲದೆ, ಬಹಳ ಸಲ ಯಾವ ಚುಚ್ಚುಮದ್ದೂ ಇಲ್ಲದೆ ಆಗುತ್ತದೆ, ಮತ್ತೆ ಮತ್ತೆ ಮಾಡಿಸಲು ಅದೇ ಅನುಕೂಲ. ಅದರಲ್ಲಿ ಒಂದು ತೊಡಕಿದೆ: ಬಹಳ ಅಗಲವಾದ ನಾಳದಲ್ಲಿ ರಕ್ತ ನಿಧಾನವಾಗಿ ಸುಳಿಯುವುದರಿಂದ ಚಿತ್ರದಲ್ಲಿ ಆ ಭಾಗ ಮಸುಕಾಗಿ, ನಾಳ ಇರುವುದಕ್ಕಿಂತ ಸಣ್ಣದಾಗಿಯೋ ಮುಚ್ಚಿಹೋದ ಹಾಗೆಯೋ ಕಾಣಬಹುದು. ತೊಡೆಯಿಂದಲೋ ಮಣಿಕಟ್ಟಿನಿಂದಲೋ ಕ್ಯಾಥೆಟರ್ ತೂರಿಸಿ ಮಾಡುವ ಡಿಎಸ್‌ಎ ಆಂಜಿಯೋಗ್ರಾಂ ಅತ್ಯಂತ ಸೂಕ್ಷ್ಮ ಚಿತ್ರ ಕೊಡುತ್ತದೆಯಾದರೂ ಅದರಿಂದಲೇ ಪಾರ್ಶ್ವವಾಯು ಆಗುವ ಸಣ್ಣ ಅಪಾಯವಿದೆ. ಅನುಭವಿಗಳ ಕೈಯಲ್ಲಿ ಶಾಶ್ವತ ಹಾನಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಚಿಕಿತ್ಸೆ ಮಾಡುವ ಆಲೋಚನೆ ಇದ್ದಾಗ ಇದು ಬೇಕೇ ಬೇಕು. ಬರಿಯ ಕುತೂಹಲಕ್ಕಾಗಿ ಬೇಡ. ಉದ್ದಕ್ಕೂ ಹಿಗ್ಗಿದ ನಾಳವಿದ್ದು ಕಾದು ನೋಡುವ ತೀರ್ಮಾನವಾದರೆ, ಆರಂಭದ ಅಳತೆಗೆ ಒಂದು ಸಿಟಿ ಆಂಜಿಯೋಗ್ರಾಂ, ಮುಂದಿನ ಹೋಲಿಕೆಗೆ ಎಂಆರ್ ಎಂಬ ಕ್ರಮ ನನಗೆ ಹೆಚ್ಚು ಸರಿ ಎನಿಸುತ್ತದೆ. ಆ ಎಂಆರ್ ಚಿತ್ರದಲ್ಲಿ ಗೋಡೆಗಂಟಿದ ಹೆಪ್ಪೂ ಮೆದುಳುಕಾಂಡಕ್ಕೆ ಬಿದ್ದ ಒತ್ತಡವೂ ಒಟ್ಟಿಗೆ ಕಾಣುತ್ತವೆ.

ಚೀಲದಾಕಾರದ ಅನ್ಯೂರಿಸಂ: ಒಡೆಯುವ ಭಯ

ಇಲ್ಲಿ ಮುಖ್ಯ ಹೆದರಿಕೆ ಒಡೆಯುವುದೇ. ಒಡೆದಾಗ ರಕ್ತ ಮೆದುಳಿನ ಹೊದಿಕೆಗಳ ನಡುವೆ ಹರಡಿ, ಕ್ಷಣದಲ್ಲಿ ತಾರಕಕ್ಕೇರುವ, ಹಿಂದೆಂದೂ ಕಂಡಿರದ ತಲೆನೋವು ಬರುತ್ತದೆ. ವಾಂತಿ, ಕುತ್ತಿಗೆ ಸೆಟೆತ, ಪ್ರಜ್ಞೆ ತಪ್ಪುವುದು ಜತೆಗೂಡಬಹುದು. ಹೀಗೆ ಆದವರಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುವುದಿಲ್ಲ. ಒಡೆದ ಮೇಲೆ ಚಿಕಿತ್ಸೆ ಬೇಕೇ ಎಂಬ ಚರ್ಚೆಗೆ ಜಾಗವಿಲ್ಲ, ಆದಷ್ಟು ಬೇಗ ಅದನ್ನು ಮುಚ್ಚಲೇಬೇಕು. ಆಯ್ಕೆಯ ನಿಜವಾದ ಕಷ್ಟ ಇರುವುದು ಒಡೆಯದೆ, ಆಕಸ್ಮಿಕವಾಗಿ ಕಂಡ ಅನ್ಯೂರಿಸಂನಲ್ಲಿ.

ಅದರಲ್ಲಿ ಗಾತ್ರ ಮತ್ತು ಜಾಗ ಎರಡೂ ಮುಖ್ಯ. 2003ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಹಿಂದೆ ರಕ್ತಸ್ರಾವ ಆಗಿರದವರ ಮುಂಭಾಗದ ನಾಳಗಳಲ್ಲಿನ 7 ಮಿ.ಮೀ.ಗಿಂತ ಚಿಕ್ಕ ಅನ್ಯೂರಿಸಂಗಳು 5 ವರ್ಷಗಳಲ್ಲಿ ಒಂದೂ ಒಡೆಯಲಿಲ್ಲ. ಹಿಂಭಾಗದ ನಾಳಗಳಲ್ಲಿ, ಹಿಂಭಾಗದ ಸಂಪರ್ಕ ಅಪಧಮನಿಯನ್ನೂ ಸೇರಿಸಿ, ಅದೇ ಗಾತ್ರದವು ನೂರಕ್ಕೆ 2.5ರಷ್ಟು ಒಡೆದವು. 7ರಿಂದ 12 ಮಿ.ಮೀ. ಗಾತ್ರದಲ್ಲಿ ಇವೇ ಅಂಕಿಗಳು 2.6 ಮತ್ತು 14.5. ಹಾಗೆಂದು ಚಿಕ್ಕವು ಒಡೆಯುವುದೇ ಇಲ್ಲ ಎಂದು ನಂಬಿ ಕೂರುವಂತಿಲ್ಲ. ಒಡೆದು ಆಸ್ಪತ್ರೆಗೆ ಬರುವವರಲ್ಲಿ ಚಿಕ್ಕ ಅನ್ಯೂರಿಸಂನವರು ಬೇಕಾದಷ್ಟು ಮಂದಿ ಇರುತ್ತಾರೆ, ಏಕೆಂದರೆ ಚಿಕ್ಕವೇ ಸಂಖ್ಯೆಯಲ್ಲಿ ಬಹಳ ಹೆಚ್ಚು. 2014ರಲ್ಲಿ ಬಂದ ‘ಫೇಸಸ್’ ಎಂಬ ಅಂಕಪಟ್ಟಿ ಜನಾಂಗೀಯ ಹಿನ್ನೆಲೆ, ರಕ್ತದೊತ್ತಡ, ವಯಸ್ಸು, ಗಾತ್ರ, ಹಿಂದಿನ ರಕ್ತಸ್ರಾವ, ಜಾಗ ಈ ಆರನ್ನೂ ಕೂಡಿಸಿ ಅಂದಾಜು ಕೊಡುತ್ತದೆ. ಧೂಮಪಾನ ಅದರಲ್ಲಿಲ್ಲ, ಆದರೂ ಬಿಡದೆ ಸೇದುತ್ತಿರುವವರಲ್ಲಿ ಅಂದಾಜನ್ನು ಸ್ವಲ್ಪ ಬಿಗಿಯಾಗಿಯೇ ಓದಬೇಕು.

ಕಾಯುವುದಾದರೆ ಕಾಯುವುದಕ್ಕೂ ಕ್ರಮವಿದೆ: ರಕ್ತದೊತ್ತಡ ಹತೋಟಿ, ಸಿಗರೇಟು ಸಂಪೂರ್ಣ ಬಂದ್, ನಿಗದಿತ ಅವಧಿಯಲ್ಲಿ ಸ್ಕ್ಯಾನ್. ಗಾತ್ರ ಬೆಳೆಯುತ್ತಿದ್ದರೆ, ಆಕಾರ ಏರುಪೇರಾಗಿದ್ದರೆ, ಮೇಲೊಂದು ಮರಿಗುಳ್ಳೆ ಎದ್ದಿದ್ದರೆ ಕಾಯುವ ವಾದ ದುರ್ಬಲವಾಗುತ್ತದೆ. ಒಂದು ಕಣ್ಣಿನ ರೆಪ್ಪೆ ಇಳಿದು, ಪಾಪೆ ಹಿಗ್ಗಿ, ನೋಟ ಎರಡಾಗಿ ಕಂಡರೆ ಪಕ್ಕದ ಮೂರನೇ ಕಪಾಲನರವನ್ನು ಅನ್ಯೂರಿಸಂ ಒತ್ತುತ್ತಿದೆ ಎಂದು ಅರ್ಥ ಮಾಡಿಕೊಳ್ಳಬೇಕು. ಅದು ಒಡೆಯುವುದರ ಮುನ್ಸೂಚನೆಯೂ ಆಗಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮುಚ್ಚುವುದಾದರೆ ಮೂರು ದಾರಿಗಳು. ತಲೆಬುರುಡೆ ತೆರೆದು ಅನ್ಯೂರಿಸಂನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವ ಶಸ್ತ್ರಚಿಕಿತ್ಸೆಯನ್ನು 1937ರಲ್ಲಿ ವಾಲ್ಟರ್ ಡ್ಯಾಂಡಿ ಮೊದಲು ಮಾಡಿದರು. ನಾಳದ ಒಳಗಿನಿಂದಲೇ ಹೋಗಿ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು, ಅಂದರೆ ಕಾಯಿಲ್‌ಗಳನ್ನು, ತುಂಬುವ ವಿಧಾನ ಗೈಡೊ ಗುಲ್ಯೆಲ್ಮಿಯವರ ಕೆಲಸದಿಂದ 1990ರ ದಶಕದಲ್ಲಿ ಬಳಕೆಗೆ ಬಂತು. ಮೂರನೆಯದಾದ ಫ್ಲೋ ಡೈವರ್ಟರ್ ಒಂದು ಒತ್ತಾದ ಜಾಲರಿಯ ಸ್ಟೆಂಟ್. ಅದನ್ನು ಮೂಲ ನಾಳದಲ್ಲೇ ಇಟ್ಟರೆ ರಕ್ತ ಉಬ್ಬಿನೊಳಗೆ ನುಗ್ಗದೆ ನೇರ ಹರಿದು, ಉಬ್ಬು ತಿಂಗಳುಗಳಲ್ಲಿ ಹೆಪ್ಪುಗಟ್ಟಿ ಮುಚ್ಚುತ್ತದೆ. ಅಮೆರಿಕದಲ್ಲಿ ಇದರ ಮೊದಲ ಮಾದರಿಗೆ ಅನುಮತಿ ಸಿಕ್ಕಿದ್ದು 2011ರಲ್ಲಿ.

ಒಡೆದ ಅನ್ಯೂರಿಸಂನಲ್ಲಿ, ಕ್ಲಿಪ್ ಮತ್ತು ಕಾಯಿಲ್ ಎರಡೂ ವಿಧಾನಕ್ಕೆ ಒಪ್ಪುವ 2143 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಸತ್ತವರು ಅಥವಾ ಇತರರ ಆಸರೆಯಲ್ಲಿ ಬದುಕುವಂತಾದವರು ಕಾಯಿಲಿಂಗ್‌ನಲ್ಲಿ ನೂರಕ್ಕೆ 23.7, ಕ್ಲಿಪ್ಪಿಂಗ್‌ನಲ್ಲಿ 30.6. ಈ ಅಂಕಿಯನ್ನು ಮಾತ್ರ ಓದಿದವರು ಕಾಯಿಲ್ ಗೆದ್ದಿತೆಂದು ತೀರ್ಮಾನಿಸಿಬಿಡುತ್ತಾರೆ. ಕಾಯಿಲ್ ತುಂಬಿದ ಅನ್ಯೂರಿಸಂಗಳಲ್ಲಿ ಸುಮಾರು ಐದರಲ್ಲಿ ಒಂದು ಮತ್ತೆ ಸ್ವಲ್ಪಮಟ್ಟಿಗೆ ತೆರೆದುಕೊಳ್ಳುತ್ತದೆ, ಅವುಗಳಲ್ಲಿ ಅರ್ಧದಷ್ಟಕ್ಕೆ ಮರುಚಿಕಿತ್ಸೆ ಬೇಕಾಗುತ್ತದೆ ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು. ಕ್ಲಿಪ್ ಹಾಕಿದ್ದು ಬಹುಪಾಲು ಹಾಗೆಯೇ ಉಳಿಯುತ್ತದೆ. ವಯಸ್ಸು ಕಡಿಮೆ ಇದ್ದು, ಕುತ್ತಿಗೆ ಅಗಲವಾಗಿದ್ದು, ಅನ್ಯೂರಿಸಂ ಮಧ್ಯ ಮೆದುಳು ಅಪಧಮನಿಯ ಕವಲಿನಲ್ಲಿದ್ದರೆ ಕ್ಲಿಪ್‌ನ ವಾದ ಗಟ್ಟಿ. ವಯಸ್ಸಾದವರಲ್ಲಿ, ಬೇಸಿಲಾರ್ ತುದಿಯಂಥ ಕೈಗೆಟುಕದ ಆಳದಲ್ಲಿ ಕಾಯಿಲ್ ಮೇಲು. ಫ್ಲೋ ಡೈವರ್ಟರ್ ದೊಡ್ಡ, ಅಗಲ ಕುತ್ತಿಗೆಯ ಅನ್ಯೂರಿಸಂಗಳಿಗೆ ದಾರಿ ತೋರಿಸಿತು. ಆದರೆ ಅದನ್ನಿಟ್ಟ ಮೇಲೆ ತಿಂಗಳುಗಳ ಕಾಲ ಆಸ್ಪಿರಿನ್ ಜತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಔಷಧವನ್ನು ತಪ್ಪದೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು ಇರುವವರು, ಬೇರೆ ಶಸ್ತ್ರಚಿಕಿತ್ಸೆ ಕಾದಿರುವವರು, ಮಾತ್ರೆ ಮರೆಯುವವರು ಇದನ್ನು ಮೊದಲೇ ಹೇಳಿಬಿಡುವುದು ಒಳಿತು. ಇದೇ ಕಾರಣಕ್ಕೆ, ಆಗಷ್ಟೇ ಒಡೆದ ಅನ್ಯೂರಿಸಂನಲ್ಲಿ ಇದು ಮೊದಲ ಆಯ್ಕೆ ಆಗುವುದು ಅಪರೂಪ.

ಉದ್ದಕ್ಕೂ ಹಿಗ್ಗಿದ ನಾಳ: ಹೆಪ್ಪು ಮತ್ತು ಒತ್ತಡ

ಡೋಲಿಕೋಎಕ್ಟೇಸಿಯಾಕ್ಕೆ ಬಂದರೆ ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಅನ್ವಯಿಸುವುದಿಲ್ಲ. ಕುತ್ತಿಗೆಯೇ ಇಲ್ಲದ ಉಬ್ಬಿಗೆ ಕ್ಲಿಪ್ ಎಲ್ಲಿ ಹಾಕುವುದು? ಇಡೀ ನಾಳವೇ ಉಬ್ಬಾಗಿರುವಾಗ ಅದಕ್ಕೆ ಕಾಯಿಲ್ ತುಂಬಿದರೆ ಮೆದುಳುಕಾಂಡಕ್ಕೆ ರಕ್ತವೇ ನಿಲ್ಲುತ್ತದೆ. ಇಲ್ಲಿ ಸಾಮಾನ್ಯ ತೊಂದರೆಯೂ ಬೇರೆ. ಹಿಂಭಾಗದ ನಾಳಗಳ ಈ ಕಾಯಿಲೆಯ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಮಾಡಿದ ವಿಮರ್ಶೆಯಲ್ಲಿ, 5 ವರ್ಷಗಳಲ್ಲಿ ರಕ್ತ ನಿಂತು ಆಗುವ ಪಾರ್ಶ್ವವಾಯು ನೂರಕ್ಕೆ 17.6ರಷ್ಟು, ಮೆದುಳುಕಾಂಡದ ಮೇಲಿನ ಒತ್ತಡ 10.3, ರಕ್ತಸ್ರಾವದ ಪಾರ್ಶ್ವವಾಯು 4.7, ತಲೆಯಲ್ಲಿ ನೀರು ತುಂಬುವುದು 3.3 ಎಂದು ಕಂಡುಬಂತು. ಲಕ್ಷಣಗಳಿದ್ದು ಆಸ್ಪತ್ರೆಗೆ ಬಂದವರೇ ಇಂಥ ಅಧ್ಯಯನಗಳಲ್ಲಿ ಹೆಚ್ಚು ಇರುವುದರಿಂದ, ಆಕಸ್ಮಿಕವಾಗಿ ಕಂಡವರು ಈ ಅಂಕಿಗಳನ್ನು ತಮಗೆ ನೇರವಾಗಿ ಹಚ್ಚಿಕೊಳ್ಳಬಾರದು. ಆದರೂ ಅವುಗಳ ಕ್ರಮ ಗಮನಾರ್ಹ: ಒಡೆಯುವುದಕ್ಕಿಂತ ರಕ್ತ ನಿಲ್ಲುವುದು ಹೆಚ್ಚು.

ಹೀಗಾಗುವ ಬಗೆ ನೋಡಿದರೆ ಅಚ್ಚರಿಯಿಲ್ಲ. ಅಗಲವಾದ ನಾಳದಲ್ಲಿ ರಕ್ತದ ವೇಗ ತಗ್ಗಿ ಗೋಡೆಯ ಪಕ್ಕದಲ್ಲಿ ಹೆಪ್ಪು ಕೂರುತ್ತದೆ. ಅದರಿಂದ ಚೂರು ಕಿತ್ತು ಮುಂದಕ್ಕೆ ಹೋಗಬಹುದು, ಅಥವಾ ಹೆಪ್ಪಿನ ಪದರವೇ ಬೇಸಿಲಾರ್‌ನಿಂದ ಮೆದುಳುಕಾಂಡಕ್ಕೆ ನುಗ್ಗುವ ಕೂದಲೆಳೆಯಂಥ ಕವಲುಗಳ ಬಾಯಿ ಮುಚ್ಚಬಹುದು. ನಾಳ ಡೊಂಕಾದಾಗ ಆ ಕವಲುಗಳು ಎಳೆದು ತಿರುಚಿಕೊಳ್ಳುವುದೂ ಉಂಟು. ಆಗ ಕಾಣುವ ಲಕ್ಷಣಗಳು ಮೆದುಳುಕಾಂಡದವೇ: ಒಂದು ಪಕ್ಕದ ಕೈಕಾಲು ಸೋಲುವುದು, ನಾಲಗೆ ತೊದಲುವುದು, ನುಂಗಲು ತೊಂದರೆ, ನೋಟ ಎರಡಾಗುವುದು, ನಿಂತಲ್ಲೇ ತೂಗಾಡುವಂಥ ತಲೆಸುತ್ತು.

ಇಲ್ಲಿ ಎರಡು ದಾರಿಗಳ ನಡುವೆ ತೂಗಬೇಕಾದದ್ದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧದ ಪ್ರಶ್ನೆ. ಒಮ್ಮೆ ರಕ್ತ ನಿಂತು ಪಾರ್ಶ್ವವಾಯು ಆದವರಿಗೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಕೊಡುವುದು ರೂಢಿ, ಅದು ಸಮಂಜಸವೂ ಹೌದು. ಲಕ್ಷಣವೇ ಇಲ್ಲದವರಿಗೆ ಬರಿಯ ಚಿತ್ರ ನೋಡಿ ಜೀವನಪೂರ್ತಿ ಆಸ್ಪಿರಿನ್ ಬರೆದುಕೊಡುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಅದೇ ನಾಳಕ್ಕೆ ರಕ್ತಸ್ರಾವದ ಅಪಾಯವೂ ಇದೆ, ಮತ್ತು ಈ ಕಾಯಿಲೆಗೇ ಮೀಸಲಾಗಿ ಔಷಧಗಳನ್ನು ಹೋಲಿಸಿ ನಡೆದ ದೊಡ್ಡ ಪ್ರಯೋಗದ ಬಲ ಈ ಸಲಹೆಗಿಲ್ಲ. ವಾರ್ಫರಿನ್‌ನಂಥ ಇನ್ನೂ ಬಲವಾದ ಔಷಧಗಳಿಗೆ ಹೃದಯದ ಲಯತಪ್ಪುವಿಕೆಯಂಥ ಬೇರೆ ಗಟ್ಟಿ ಕಾರಣ ಇದ್ದರೆ ಮಾತ್ರ ಯೋಚಿಸುತ್ತಾರೆ. ಎಲ್ಲರಿಗೂ ಅನ್ವಯಿಸುವ, ಯಾರೂ ಆಕ್ಷೇಪಿಸದ ಒಂದೇ ಚಿಕಿತ್ಸೆ ರಕ್ತದೊತ್ತಡದ ಹತೋಟಿ. ಅದು ನಾಳದ ಅಗಲವನ್ನು ಹಿಂದಕ್ಕೆ ತರಲಾರದು, ಮುಂದಿನ ಹಿಗ್ಗುವಿಕೆಯ ಒತ್ತಾಯವನ್ನು ತಗ್ಗಿಸುತ್ತದೆ. ಸಪ್ಪೆ ಸಲಹೆ ಎಂದು ಇದನ್ನು ಪಕ್ಕಕ್ಕಿಟ್ಟು ಸ್ಟೆಂಟಿನ ಬಗ್ಗೆ ಕೇಳುವವರು ಬಹಳ.

ಸ್ಟೆಂಟಿನ ಮಾತಿಗೆ ಬಂದರೆ, ಫ್ಲೋ ಡೈವರ್ಟರ್ ಅನ್ನು ಹಿಗ್ಗಿದ ಬೇಸಿಲಾರ್‌ನಲ್ಲಿ ಇಡಲಾಗಿದೆ. ಆದರೆ ಜಾಲರಿಯ ಹಿಂದೆ ಹೆಪ್ಪು ಕಟ್ಟಬೇಕೆಂಬ ಅದರ ಗುಣವೇ ಇಲ್ಲಿ ತೊಡಕು: ಮೆದುಳುಕಾಂಡದ ಸಣ್ಣ ಕವಲುಗಳೂ ಆ ಹೆಪ್ಪಿನೊಳಗೆ ಸಿಕ್ಕಿಬೀಳಬಹುದು. ಆರಂಭದ ವರ್ಷಗಳಲ್ಲಿ, ಅದರಲ್ಲೂ ಈಗಾಗಲೇ ಮೆದುಳುಕಾಂಡ ಒತ್ತಿಕೊಂಡಿದ್ದ ದೈತ್ಯ ಗಾತ್ರದವುಗಳಲ್ಲಿ, ಫಲಿತಾಂಶ ನಿರಾಶಾದಾಯಕವಾಗಿತ್ತು. ಬೈಪಾಸ್ ಮಾಡಿ ರಕ್ತದ ಹರಿವಿನ ದಿಕ್ಕು ತಿರುಗಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದೂ ಭಾರೀ ಅಪಾಯದ್ದು. ನಾಳ ವೇಗವಾಗಿ ಬೆಳೆಯುತ್ತಿದ್ದು, ಲಕ್ಷಣಗಳು ಹೆಚ್ಚುತ್ತಿದ್ದು, ಕಾಯುವುದೇ ಹೆಚ್ಚು ಅಪಾಯ ಎಂದು ಸ್ಪಷ್ಟವಾದಾಗ, ಇಂಥ ಕೆಲಸ ಪದೇಪದೇ ಮಾಡುವ ಕೇಂದ್ರದಲ್ಲಿ ಮಾತ್ರ ಇವೆರಡೂ ಚರ್ಚೆಗೆ ಬರಬೇಕು.

ತಲೆಯಲ್ಲಿ ನೀರು ತುಂಬುವ ತೊಂದರೆಯಲ್ಲಿ ಒಂದು ಸೂಕ್ಷ್ಮವಿದೆ. ಬೇಸಿಲಾರ್‌ನ ತುದಿ ಮೇಲಕ್ಕೆ ಬೆಳೆದು ಮೆದುಳಿನೊಳಗಿನ ದ್ರವ ತುಂಬಿದ ಕೋಣೆಗಳಲ್ಲಿ ಒಂದಾದ ಮೂರನೇ ಕುಹರದ ತಳವನ್ನು ಒತ್ತಿ ದ್ರವದ ಹರಿವನ್ನು ತಡೆಯಬಹುದು. ಆಗ ನಡಿಗೆ ತಡವರಿಸುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಮರೆವು ಹೆಚ್ಚುತ್ತದೆ, ಮನೆಯವರು ವಯಸ್ಸಿನದೆಂದು ಸುಮ್ಮನಾಗುತ್ತಾರೆ. ಬೇರೆ ಕಾರಣದಿಂದ ದ್ರವದ ದಾರಿ ಕಟ್ಟಿಕೊಂಡಿದ್ದರೆ ಎಂಡೋಸ್ಕೋಪ್ ತೂರಿಸಿ ಆ ಕುಹರದ ತಳದಲ್ಲಿ ರಂಧ್ರ ಮಾಡುವುದನ್ನು ಯೋಚಿಸಬಹುದು. ಇಲ್ಲಿ ಆ ತಳದ ಕೆಳಗೇ ಹಿಗ್ಗಿದ ನಾಳ ಕೂತಿರುವುದರಿಂದ ಅದು ತೀರ ಅಪಾಯಕಾರಿ. ಹಾಗಾಗಿ ದ್ರವವನ್ನು ಕೊಳವೆಯ ಮೂಲಕ ಹೊಟ್ಟೆಗೆ ಇಳಿಸುವ ಶಂಟ್ ಮೇಲು, ಸೋಂಕು ಮತ್ತು ಕೊಳವೆ ಕಟ್ಟಿಕೊಳ್ಳುವ ಕಿರಿಕಿರಿ ಅದಕ್ಕಿದ್ದರೂ.

ಮುಖದ ನೋವು, ಮುಖದ ಸೆಳೆತ

ನರ ಒತ್ತಿಕೊಂಡಾಗಿನ ಎರಡು ಕಾಯಿಲೆಗಳಲ್ಲಿ ಆಯ್ಕೆಗಳು ನಿಜವಾಗಿಯೂ ಹಲವು, ರೋಗಿಯ ಇಷ್ಟಾನಿಷ್ಟಕ್ಕೂ ಅಲ್ಲಿ ಹೆಚ್ಚು ಜಾಗ. ಐದನೇ ಕಪಾಲನರ ಒತ್ತಿಕೊಂಡರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ: ಹಲ್ಲುಜ್ಜಿದರೆ, ಮುಖ ತೊಳೆದರೆ, ತಣ್ಣನೆ ಗಾಳಿ ಕೆನ್ನೆಗೆ ಸೋಕಿದರೆ ಮುಖದ ಒಂದೇ ಪಕ್ಕದಲ್ಲಿ ಕರೆಂಟು ಹೊಡೆದಂಥ ನೋವು, ಕೆಲವೇ ಸೆಕೆಂಡು, ಮತ್ತೆ ಮತ್ತೆ. ಹಲ್ಲುನೋವೆಂದು ಭಾವಿಸಿ ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡು ಬರುವವರು ಇದ್ದಾರೆ. ಏಳನೇ ನರ ಒತ್ತಿಕೊಂಡರೆ ನೋವಿಲ್ಲ, ಕೆಳರೆಪ್ಪೆಯ ಅದುರುವಿಕೆಯಿಂದ ಶುರುವಾಗಿ ತಿಂಗಳುಗಳಲ್ಲಿ ಕೆನ್ನೆಗೂ ಬಾಯಿಯ ಮೂಲೆಗೂ ಇಳಿಯುವ ಸೆಳೆತ. ನಿದ್ದೆಯಲ್ಲೂ ಅದು ನಿಲ್ಲದೇ ಇರಬಹುದು.

ನೋವಿಗೆ ಮೊದಲ ಆಯ್ಕೆ ಕಾರ್ಬಮಜೆಪಿನ್ ಅಥವಾ ಆಕ್ಸ್‌ಕಾರ್ಬಜೆಪಿನ್. ಆರಂಭದಲ್ಲಿ ಇವು ಬಹುಪಾಲು ಜನರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತೂಕಡಿಕೆ, ತಲೆಸುತ್ತು, ರಕ್ತದಲ್ಲಿ ಸೋಡಿಯಂ ಇಳಿಯುವುದು ಇವುಗಳ ಬೆಲೆ, ವಯಸ್ಸಾದವರಲ್ಲಿ ಅದು ಬೀಳುವುದಕ್ಕೂ ಕಾರಣವಾಗುತ್ತದೆ. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪ ಇರುವವರಲ್ಲಿ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿದುಹೋಗುವಂಥ ಪ್ರಾಣಾಂತಿಕ ಪ್ರತಿಕ್ರಿಯೆ ಆಗಬಹುದು. ಏಷ್ಯಾದ ಕೆಲವು ಸಮುದಾಯಗಳಲ್ಲಿ ಈ ರೂಪ ಹೆಚ್ಚಾಗಿರುವುದರಿಂದ ಮಾತ್ರೆಗೆ ಮುಂಚೆ ರಕ್ತಪರೀಕ್ಷೆ ಮಾಡಿಸುವ ಸಲಹೆ ಇದೆ. ಸೆಳೆತಕ್ಕಾದರೋ ಮಾತ್ರೆಗಳಿಂದ ಪ್ರಯೋಜನ ಕಡಿಮೆ. ಬೊಟುಲಿನಂ ಚುಚ್ಚುಮದ್ದು ಸುಮಾರು 3ರಿಂದ 4 ತಿಂಗಳು ಸೆಳೆತವನ್ನು ಅಡಗಿಸುತ್ತದೆ, ಆಮೇಲೆ ಮತ್ತೆ ಚುಚ್ಚಿಸಬೇಕು. ರೆಪ್ಪೆ ಸ್ವಲ್ಪ ದಿನ ಇಳಿಯಬಹುದು ಎಂಬುದನ್ನು ಬಿಟ್ಟರೆ ಇದರಲ್ಲಿ ದೊಡ್ಡ ಅಪಾಯವಿಲ್ಲ.

ಮೂಲಕ್ಕೆ ಕೈಹಾಕುವ ಚಿಕಿತ್ಸೆ ಮೈಕ್ರೋವ್ಯಾಸ್ಕ್ಯುಲರ್ ಡಿಕಂಪ್ರೆಷನ್; ಪೀಟರ್ ಜನೆಟ್ಟಾ ಅದನ್ನು ರೂಢಿಗೆ ತಂದವರು. ಕಿವಿಯ ಹಿಂದೆ ಸಣ್ಣ ಕಿಟಕಿಯಷ್ಟು ಮೂಳೆ ತೆಗೆದು, ಸೂಕ್ಷ್ಮದರ್ಶಕದಡಿ ನಾಳವನ್ನು ನರದಿಂದ ಬಿಡಿಸಿ, ನಡುವೆ ಟೆಫ್ಲಾನ್ ಎಳೆಗಳ ಸಣ್ಣ ದಿಂಬು ಇಡುತ್ತಾರೆ. ಸಾಮಾನ್ಯ ಗಾತ್ರದ ನಾಳ ಒತ್ತಿದ್ದಾಗ ಹತ್ತು ವರ್ಷಗಳ ಮೇಲೂ ನೂರಕ್ಕೆ ಸುಮಾರು 70 ಮಂದಿ ಮಾತ್ರೆಯಿಲ್ಲದೆ ನೋವಿನಿಂದ ದೂರವಿರುತ್ತಾರೆ. ಹಿಗ್ಗಿದ ಬೇಸಿಲಾರ್ ಅಥವಾ ವರ್ಟೆಬ್ರಲ್ ಒತ್ತಿದ್ದಾಗ ಕೆಲಸ ಕಷ್ಟ: ಗಟ್ಟಿಯಾದ ದಪ್ಪ ನಾಳ ಸರಿಸಿದರೂ ಮತ್ತೆ ತನ್ನ ಜಾಗಕ್ಕೆ ಮರಳಲು ನೋಡುತ್ತದೆ, ದಿಂಬಿನ ಬದಲು ನಾಳವನ್ನೇ ಪಟ್ಟಿಯಿಂದ ಎಳೆದು ಪಕ್ಕದ ಹೊದಿಕೆಗೆ ಹೊಲಿಯಬೇಕಾಗಬಹುದು, ಎಳೆಯುವಾಗ ಸಣ್ಣ ಕವಲು ತಿರುಚಿದರೆ ಪಾರ್ಶ್ವವಾಯು. ನೋವು ಹೋಗುವ ಸಾಧ್ಯತೆ ಹಾಗೆಯೇ ಚೆನ್ನಾಗಿದ್ದರೂ ಕಿವಿ ಕೇಳಿಸದಾಗುವ, ಮುಖ ಮರಗಟ್ಟುವ, ನೋಟ ಎರಡಾಗುವ ಅಪಾಯ ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದದ್ದು ಈ ಶಸ್ತ್ರಚಿಕಿತ್ಸೆ ಎಷ್ಟು ಮಾಡಿದ್ದೀರಿ ಎಂದಲ್ಲ, ಹಿಗ್ಗಿದ ನಾಳ ಇದ್ದವರಲ್ಲಿ ಎಷ್ಟು ಮಾಡಿದ್ದೀರಿ ಎಂದು.

ತಲೆ ತೆರೆಸಿಕೊಳ್ಳಲು ಆಗದವರಿಗೆ ನೋವಿನ ನರದ ಬುಡಕ್ಕೆ ಗುರಿಯಿಟ್ಟು ವಿಕಿರಣ ಹಾಯಿಸುವ ಗಾಮಾ ನೈಫ್ ಇದೆ. ಅದರ ಪರಿಣಾಮ ಕಾಣಲು ವಾರಗಳೋ ತಿಂಗಳುಗಳೋ ಬೇಕು. ಕೆನ್ನೆಯ ಮೂಲಕ ಸೂಜಿ ತೂರಿಸಿ ಬಲೂನಿನಿಂದಲೋ ಶಾಖದಿಂದಲೋ ನರವನ್ನು ಮಂದಗೊಳಿಸುವ ವಿಧಾನದಲ್ಲಿ ಪರಿಹಾರ ತಕ್ಷಣ ಸಿಗುತ್ತದೆ, ಕೆನ್ನೆ ಜೋಮು ಹಿಡಿದಂತಾಗುವುದು ಅದರ ಬೆಲೆ, ನೋವು ಮರುಕಳಿಸುವುದೂ ಹೆಚ್ಚು. ಎಪ್ಪತ್ತು ದಾಟಿ, ಹೃದಯವೂ ಸೋತಿದ್ದು, ನೋವಿನಿಂದ ಊಟ ಬಿಟ್ಟಿರುವವರಿಗೆ ನಾನು ಈ ಸೂಜಿಯ ದಾರಿಯನ್ನೇ ಮುಂದಿಡುತ್ತೇನೆ. ಸೆಳೆತಕ್ಕೆ ಮಾತ್ರ ಈ ಎರಡು ದಾರಿಗಳಿಲ್ಲ. ಚುಚ್ಚುಮದ್ದು ಅಥವಾ ಡಿಕಂಪ್ರೆಷನ್, ಅಷ್ಟೇ.

ಚಿಕ್ಕ ವಯಸ್ಸಿನವರಲ್ಲಿ

ಮೂವತ್ತು ನಲವತ್ತರ ವಯಸ್ಸಿನಲ್ಲಿ, ರಕ್ತದೊತ್ತಡವೂ ಇಲ್ಲದೆ ಬೇಸಿಲಾರ್ ಹಿಗ್ಗಿದ್ದು ಕಂಡರೆ, ಮೇಲಿನ ಯಾವ ಹೋಲಿಕೆಗೂ ಮುಂಚೆ ಕಾರಣ ಹುಡುಕಬೇಕು. ಫ್ಯಾಬ್ರಿ ಕಾಯಿಲೆಯಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವದ ಕೊರತೆಯಿಂದ ನಾಳಗಳ ಗೋಡೆಯಲ್ಲಿ ಕೊಬ್ಬಿನಂಶ ಶೇಖರವಾಗುತ್ತದೆ. ಬಾಲ್ಯದಿಂದ ಕೈಕಾಲು ಉರಿ, ಬೆವರು ಕಡಿಮೆ, ಸೊಂಟ ತೊಡೆಗಳ ಮೇಲೆ ಕೆಂಪು ಚುಕ್ಕೆಗಳು, ಮೂತ್ರದಲ್ಲಿ ಪ್ರೋಟೀನ್ ಇದರ ಗುರುತುಗಳು. ಗಂಡಸರಲ್ಲಿ ಕಿಣ್ವದ ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಹೆಂಗಸರಲ್ಲಿ ಕಿಣ್ವದ ಮಟ್ಟ ಸಹಜವಾಗಿ ಕಾಣಬಹುದಾದ್ದರಿಂದ ಜೀನ್ ಪರೀಕ್ಷೆ ಬೇಕಾಗುತ್ತದೆ. ಸ್ನಾಯುಬಲ ಕುಂದುತ್ತಾ ಬಂದಿದ್ದರೆ ತಡವಾಗಿ ತಲೆದೋರುವ ಪಾಂಪೆ ಕಾಯಿಲೆಯನ್ನೂ ನೆನಪಿಡಬೇಕು. ಎರಡಕ್ಕೂ ಕೊರತೆಯಿರುವ ಕಿಣ್ವವನ್ನೇ ಹನಿಯಾಗಿ ಕೊಡುವ ಚಿಕಿತ್ಸೆ ಇದೆ. ಹಿಗ್ಗಿದ ನಾಳ ಅದರಿಂದ ಮೊದಲಿನಂತೆ ಆಗುವುದಿಲ್ಲ, ಮೂತ್ರಪಿಂಡ, ಹೃದಯ, ಸ್ನಾಯುಗಳ ಹಾನಿಯ ಓಟ ತಗ್ಗುತ್ತದೆ. ಎರಡೂ ಆನುವಂಶಿಕವಾದ್ದರಿಂದ ಒಡಹುಟ್ಟಿದವರ ಪರೀಕ್ಷೆಯೂ ಆಗಬೇಕು. ಚೀಲದಾಕಾರದ ಅನ್ಯೂರಿಸಂನಲ್ಲಿ ನಿಯಮ ಬೇರೆ: ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಇಬ್ಬರಿಗಾದರೂ ಇದ್ದರೆ ಉಳಿದವರಿಗೆ ಎಂಆರ್ ಆಂಜಿಯೋಗ್ರಾಂ ಮಾಡಿಸುವ ಮಾತು ಬರುತ್ತದೆ, ಒಬ್ಬರಿಗೆ ಮಾತ್ರ ಇದ್ದರೆ ಇಡೀ ಮನೆಯವರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.